ಲೆಕ್ಕಕ್ಕೆ ಸಿಗದ ಸೂರ್ಯಕಣಗಳು

ಸೂರ್ಯನ ಬೆಳಕನ್ನು ನಾವು ದಿನವೂ ಕಾಣುತ್ತೇವೆ. ಆದರೆ ಆ ಬೆಳಕಿನ ಮೂಲವಾದ ಸೂರ್ಯಗರ್ಭವನ್ನು ಕಣ್ಣಾರೆ ಕಂಡವರಿಲ್ಲ. ಸುಮಾರು ಒಂದೂವರೆ ಕೋಟಿ ಡಿಗ್ರಿ ಉಷ್ಣತೆಯ ಆ ಗರ್ಭದಲ್ಲಿ ಜಲಜನಕದ ನಾಲ್ಕು ಪರಮಾಣುಬೀಜಗಳು ಹಂತಹಂತವಾಗಿ ಬೆಸೆದು ಒಂದು ಹೀಲಿಯಂ ಬೀಜವಾಗುತ್ತವೆ. ಆಗ ಅಪಾರ ಶಕ್ತಿಯು ಹೊಮ್ಮುವುದಲ್ಲದೆ, ನ್ಯೂಟ್ರಿನೊ ಎಂಬ ಎರಡು ಸೂಕ್ಷ್ಮಕಣಗಳೂ ಹುಟ್ಟುತ್ತವೆ.

ಆ ಶಕ್ತಿಯು ತಡೆತಡೆದು ಸೂರ್ಯನ ಮೇಲ್ಮೈಯನ್ನು ಮುಟ್ಟಲು ಸಹಸ್ರಾರು ವರ್ಷಗಳು ಬೇಕು. ನ್ಯೂಟ್ರಿನೊಗಳಿಗಾದರೋ ಯಾವ ತಡೆಯೂ ಇಲ್ಲ. ಎಂಟೂಕಾಲು ನಿಮಿಷದಲ್ಲಿ ಅವು ಭೂಮಿಗೆ ಬಂದುಬಿಡುತ್ತವೆ. ನಮ್ಮ ಉಗುರಿನಷ್ಟು ಜಾಗದ ಮೂಲಕ ಕ್ಷಣಕ್ಷಣವೂ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಹಾದುಹೋಗುತ್ತಿದ್ದರೂ ನಮಗೆ ಅದರ ಅರಿವೇ ಆಗುವುದಿಲ್ಲ. ರಾತ್ರಿಯಲ್ಲಿ ಅವು ಇಡೀ ಭೂಮಿಯನ್ನು ತೂರಿಕೊಂಡು ನಮ್ಮ ಕಾಲಡಿಯಿಂದ ಮೇಲೇರುತ್ತವೆ!

ಇಂತಹ ಕಣವನ್ನು ಹಿಡಿಯುವುದೆಂತು? ಅಮೆರಿಕೆಯ ರೇಮಂಡ್ ಡೇವಿಸ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಹೋಮ್‌ಸ್ಟೇಕ್ ಚಿನ್ನದ ಗಣಿಯೊಳಗೆ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಬಟ್ಟೆ ಶುಚಿಮಾಡುವ ಕ್ಲೋರಿನ್‌ಯುಕ್ತ ದ್ರವವನ್ನು 3,80,000 ಲೀಟರಿನಷ್ಟು ತುಂಬಿದ ತೊಟ್ಟಿಯೊಂದನ್ನಿರಿಸಿದರು. ಮೇಲಿನ ಬಂಡೆಯು ಆಕಾಶದಿಂದ ಬರುವ ವಿಶ್ವಕಿರಣಗಳನ್ನು ತಡೆದು, ನ್ಯೂಟ್ರಿನೊಗಳನ್ನು ಮಾತ್ರ ಒಳಬಿಡುವುದೆಂಬುದೇ ಇದರ ಉದ್ದೇಶ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ 1965ರಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳೊಡನೆ ಸೇರಿ, ಭೂಮಿಯ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕಂಡರು.

ನ್ಯೂಟ್ರಿನೊ ತಾಗಿದ ಕ್ಲೋರಿನ್ ಪರಮಾಣು ಆರ್ಗಾನ್ ಆಗುವುದು. ಅಷ್ಟು ದೊಡ್ಡ ತೊಟ್ಟಿಯಲ್ಲಿ ದಿನಕ್ಕೆ ಸರಾಸರಿ ಒಂದು ಪರಮಾಣುವೂ ಹಾಗಾಗುತ್ತಿರಲಿಲ್ಲ. ಡೇವಿಸರು ಅವನ್ನೇ ಸೋಸಿ ತೆಗೆದು ಎಣಿಸಿದರು. ಜಾನ್ ಬಾಕಾಲ್ ಎಂಬವರು ಗಣಿತದಿಂದ ಹೇಳಿದ್ದ ಸಂಖ್ಯೆಯ ಮೂರನೆಯ ಒಂದು ಭಾಗ ಮಾತ್ರ ದೊರೆಯಿತು! ಗಣಿತ ತಪ್ಪೆಂದರು ಕೆಲವರು; ಎಣಿಕೆ ತಪ್ಪೆಂದರು ಹಲವರು. ಇಬ್ಬರೂ ಮತ್ತೆ ಮತ್ತೆ ಪರೀಕ್ಷಿಸಿದರು, ಎರಡೂ ಕದಲಲಿಲ್ಲ. ಹೀಗೆಯೇ ಮೂವತ್ತು ವರ್ಷಗಳು ಕಳೆದವು.

ಕೊನೆಗೆ 2001 ಮತ್ತು 2002ರಲ್ಲಿ ಕೆನಡಾ ದೇಶದ ಸಡ್ಬರಿಯ ಗಣಿಯಲ್ಲಿ, 1,000 ಟನ್ ಭಾರಜಲವನ್ನು ಬಳಸಿದ ಪ್ರಯೋಗವು ಒಗಟನ್ನು ಬಿಡಿಸಿತು. ನ್ಯೂಟ್ರಿನೊಗಳಲ್ಲಿ ಮೂರು ಬಗೆ. ಸೂರ್ಯನಲ್ಲಿ ಹುಟ್ಟುವುದು ಒಂದೇ ಬಗೆಯಾದರೂ, ಬರುವ ದಾರಿಯಲ್ಲಿ ಬಹುಪಾಲು ಬೇರೆ ಬಗೆಗಳಾಗಿ ಮಾರ್ಪಡುತ್ತವೆ. ಡೇವಿಸರ ತೊಟ್ಟಿಗೆ ಮೊದಲ ಬಗೆಯ ಗುರುತು ಮಾತ್ರ ಇತ್ತು. ಮೂರನ್ನೂ ಕೂಡಿಸಿದಾಗ ಲೆಕ್ಕ ಸರಿಹೋಯಿತು. ತೂಕವೇ ಇಲ್ಲವೆಂದು ಬಹುಕಾಲ ಭಾವಿಸಿದ್ದ ಈ ಕಣಗಳಿಗೆ ಅತ್ಯಲ್ಪವಾದರೂ ದ್ರವ್ಯರಾಶಿಯುಂಟೆಂಬುದೂ ಈ ಮಾರ್ಪಾಟಿನಿಂದ ಸಿದ್ಧವಾಯಿತು. 2002ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗ ಡೇವಿಸರಿಗೆ 88 ವರ್ಷ.

ಶಾಲೆಯ ಪ್ರಯೋಗದಲ್ಲಿ ಉತ್ತರವು ಪುಸ್ತಕಕ್ಕೆ ಹೊಂದದಿದ್ದರೆ ಅಂಕಿಯನ್ನು ತಿದ್ದಿ ಸರಿದೂಗಿಸಲು ನಮಗೆ ಮನಸ್ಸಾಗುವುದುಂಟು. ಡೇವಿಸರು ಹಾಗೆ ತಿದ್ದಿದ್ದರೆ ಸೂರ್ಯನ ಈ ಗುಟ್ಟು ಅಂದು ಮುಚ್ಚಿಹೋಗುತ್ತಿತ್ತು. ಕಂಡುದನ್ನು ಕಂಡಂತೆಯೇ ಬರೆದಿಡೋಣ. ಹೊಂದದ ಅಂಕಿಯಲ್ಲಿಯೇ ಹೊಸ ಸತ್ಯವು ಅಡಗಿರಬಹುದು.