ಉಪ್ಪಾಗೆಯ ಹುಳಿ ಬೊಜ್ಜು ಕರಗಿಸೀತೆ?

ಮಲೆನಾಡಿನಲ್ಲಿ ಮುಂಗಾರು ಮಳೆ ಧೋ ಎಂದು ಸುರಿಯುವಾಗಲೇ ಹಣ್ಣಾಗುವುದು ಉಪ್ಪಾಗೆ. ಪುಟ್ಟ ಕುಂಬಳಕಾಯಿಯಂತೆ ಗೀರುಗಳಿರುವ ಹಳದಿ ಹಣ್ಣು. ಬಿಸಿಲು ಕಾಣದ ದಿನಗಳಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ, ಹೊಗೆಯಲ್ಲೇ ಒಣಗಿಸಬೇಕು. ಕಪ್ಪಗಾದ ಈ ಸಿಪ್ಪೆ ಅಡುಗೆಗೆ ಹುಣಿಸೆಯ ಬದಲು. ಬೀಜದಿಂದ ಉಪ್ಪಾಗೆ ತುಪ್ಪ. ಕೊಡಗಿನಲ್ಲಿ ಇದೇ ಹಣ್ಣಿನ ರಸ ಕುದಿಸಿ ಮಾಡುವ ಕಾಚಂಪುಳಿ ಇಲ್ಲದೆ ಪಂದಿ ಕರಿಗೆ ರುಚಿಯಿಲ್ಲ. ಕೇರಳದ ಮೀನು ಸಾರಿಗೆ ಇದೇ ಕುಡಂಪುಳಿ.

ಇಂಥ ಅಡುಗೆಮನೆಯ ಹುಳಿ 1990ರ ದಶಕದಲ್ಲಿ 'ಗಾರ್ಸಿನಿಯಾ' ಎಂಬ ಹೆಸರಿನಲ್ಲಿ ವಿದೇಶಗಳ ಅಂಗಡಿ ಸೇರಿತು, ಬೊಜ್ಜು ಕರಗಿಸುವ ಮಾತ್ರೆಯಾಗಿ!

ಈ ಹುಳಿಯ ಮೂಲ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ. ಉಪ್ಪಾಗೆಯ ಮುಖ್ಯ ಆಮ್ಲ ಇದೇ ಎಂದು 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಕ್ಕೆ ಇದು ಹತ್ತಿರದ ನೆಂಟ. ನಮ್ಮ ದೇಹ ಸಕ್ಕರೆ, ಪಿಷ್ಟಗಳನ್ನು ಕೊಬ್ಬಾಗಿಸುವಾಗ ಒಂದು ಕಿಣ್ವ ಸಿಟ್ರಿಕ್ ಆಮ್ಲವನ್ನು ಒಡೆಯುತ್ತದೆ. ಉಪ್ಪಾಗೆಯ ಆಮ್ಲ ನೆಂಟನ ವೇಷದಲ್ಲಿ ಬಂದು ಆ ಕಿಣ್ವದ ದಾರಿಗೆ ಅಡ್ಡ ಕೂರುತ್ತದೆ. ಅಮೆರಿಕದ ಸಂಶೋಧಕರು 1969ರಲ್ಲಿ ಇದನ್ನು ತೋರಿಸಿದರು. ಮುಂದೆ ಇಲಿಗಳಿಗೆ ತಿನ್ನಿಸಿದಾಗ ಅವುಗಳ ಹಸಿವೂ ತೂಕವೂ ತಗ್ಗಿದವು. ವ್ಯಾಪಾರಿಗಳಿಗೆ ಅಷ್ಟು ಸಾಕಾಯಿತು.

ಆದರೆ ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗಬೇಕೆಂದೇನಿಲ್ಲ. ಅಮೆರಿಕದಲ್ಲಿ 135 ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, 12 ವಾರ ಪಥ್ಯದ ಊಟ ಕೊಡಲಾಯಿತು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಫಲಿತಾಂಶ ಪ್ರಕಟವಾದದ್ದು 1998ರಲ್ಲಿ. ಆಮ್ಲ ಸೇವಿಸಿದವರು ಸರಾಸರಿ 3.2 ಕಿಲೋ ಇಳಿದಿದ್ದರೆ, ಹುಸಿ ಮಾತ್ರೆ ನುಂಗಿದವರು 4.1 ಕಿಲೋ ಇಳಿದಿದ್ದರು! ಈ ಅಂತರವೂ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ತೂಕ ಇಳಿಸಿದ್ದು ಪಥ್ಯವೇ.

ಕಾರಣ ಊಹಿಸುವುದು ಕಷ್ಟವಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯನ ಮೈಯಲ್ಲಿ ಕೂಡುವ ಕೊಬ್ಬಿನ ಬಹುಪಾಲು ಬರುವುದು ಎಣ್ಣೆ, ತುಪ್ಪಗಳಿಂದ ನೇರವಾಗಿ. ಸಕ್ಕರೆಯಿಂದ ಹೊಸದಾಗಿ ತಯಾರಾಗುವುದು ಕಡಿಮೆ. ಹೆಚ್ಚು ಓಡಾಟವಿಲ್ಲದ ದಾರಿಗೆ ಬೇಲಿ ಹಾಕಿ ಫಲವೇನು?

ಫಲವಿಲ್ಲದಿದ್ದರೆ ಹೋಗಲಿ, ಅಪಾಯವೂ ಇದೆ. ಗಾರ್ಸಿನಿಯಾ ಮಾತ್ರೆ ಸೇವಿಸಿದ ಕೆಲವರ ಯಕೃತ್ತು ಕೆಟ್ಟ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಬೆರಳೆಣಿಕೆಯ ಮಂದಿಗೆ ಯಕೃತ್ತನ್ನೇ ಬದಲಿಸಬೇಕಾಯಿತು. ಇಂಥ ಪ್ರಸಂಗಗಳು ಅಪರೂಪವೆನ್ನಿ. ಆದರೆ 'ಗಿಡಮೂಲಿಕೆ ತಾನೆ, ಏನೂ ಆಗದು' ಎಂಬ ನಂಬಿಕೆ ಸಲ್ಲದು. ಸಾರಿಗೆ ಹಾಕುವ ಒಂದೆರಡು ಚೂರಿಗೂ ಬಟ್ಟಿಯಿಳಿದ ಸಾರದ ಮಾತ್ರೆಗೂ ವ್ಯತ್ಯಾಸವಿದೆ.

ಬೆಲೆ ತೆತ್ತದ್ದು ಕಾಡು ಕೂಡ. ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ 'ನಾ ಮುಂದು ತಾ ಮುಂದು' ಎಂಬ ಪೈಪೋಟಿ ಹುಟ್ಟಿತು. ಬಲಿಯುವ ಮೊದಲೇ ಕಾಯಿ ಕಿತ್ತರು, ಕೊಂಬೆಗಳನ್ನೇ ಕಡಿದರು. ಸಿಪ್ಪೆ ಒಣಗಿಸಲು ಸೌದೆಯ ರಾಶಿ ಉರಿಯಿತು. ಅದೇ ಹಣ್ಣನ್ನು ನಂಬಿದ ಸಿಂಗಳೀಕಗಳ ಪಾಲು ಕುಗ್ಗಿತು. ಮಳೆಯಲ್ಲಿ ಜಾರುವ ಮರ ಏರಿ ಕೊಯ್ಯುವ ಬಡವನಿಗೆ ನಾಲ್ಕು ಕಾಸು ಸಿಕ್ಕಿದ್ದು ನಿಜ. ಮರ ಉಳಿದರೆ ತಾನೆ ಮುಂದಿನ ಮಳೆಗಾಲಕ್ಕೂ ಆ ಕಾಸು?

ಬೊಜ್ಜಿಗೆ ಮಿತವಾದ ಊಟ, ನಡಿಗೆಯೇ ಮದ್ದು. ಉಪ್ಪಾಗೆ ಸಾರಿನಲ್ಲಿರಲಿ.