ಹಳೆಯ ಗಣಕಯಂತ್ರಕ್ಕೆ ಮರುಜೀವ

ಮಹಾನಗರದ ಮಧ್ಯಮವರ್ಗದ ಕುಟುಂಬಕ್ಕೆ ಗಣಕಯಂತ್ರವು ಇಂದು ಭೋಗವಸ್ತುವಲ್ಲ. ಮಕ್ಕಳ ಪಾಠ, ಹಿರಿಯರ ಪಿಂಚಣಿಯ ಪತ್ರವ್ಯವಹಾರ, ಬ್ಯಾಂಕಿನ ಕೆಲಸ ಎಲ್ಲಕ್ಕೂ ಅದು ಬೇಕು. ಸುಸ್ಥಿತಿಯಲ್ಲಿರುವ ಅಂತಹ ಯಂತ್ರವೇ ಇನ್ನು ನಿರುಪಯುಕ್ತವೆಂದು ಘೋಷಿತವಾದರೆ ಗತಿಯೇನು?

2025ರ ಅಕ್ಟೋಬರ್ 14ರಂದು ಇಂತಹುದೇ ಸಂಗತಿ ನಡೆಯಿತು. ಅಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ ನಿಗದಿತ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಇವಿಲ್ಲದ ಯಂತ್ರಗಳು ಒಂದು ತಿರುಪೂ ಸಡಿಲವಾಗದೆ ಹಳತಾದವು. ಲೆಕ್ಕಪತ್ರದಲ್ಲಿ ಆಸ್ತಿಗೆ ವರ್ಷವರ್ಷವೂ ಸವಕಳಿ ಕಳೆಯುವುದುಂಟು. ಇಲ್ಲಿ ಸವೆಯದ ಆಸ್ತಿಯನ್ನೇ ಪುಸ್ತಕದಿಂದ ತೆಗೆದುಹಾಕಿದಂತಾಯಿತು.

ಕಾರ್ಯಾಚರಣಾ ವ್ಯವಸ್ಥೆಯೆಂದರೆ ಯಂತ್ರಕ್ಕೂ ಬಳಸುವವನಿಗೂ ನಡುವಣ ದುಭಾಷಿ. ಮುದ್ರಕ, ಪರದೆ, ಧ್ವನಿ ಮುಂತಾದ ಪ್ರತಿಯೊಂದು ಭಾಗದ ಭಾಷೆಯನ್ನೂ ಅದು ಅರಿತಿರಬೇಕು. ಈ ಅರಿವನ್ನೊದಗಿಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ತಯಾರಕರು ಅದನ್ನು ಗುಟ್ಟಾಗಿಟ್ಟು, ಮುಂದೆ ಪರಿಷ್ಕರಿಸದೆ ಬಿಟ್ಟರೆ ಆ ಭಾಗವು ಮೂಕವಾಗುತ್ತದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಕ್ರಮವೇ ಬೇರೆ. ಬಹುಪಾಲು ಡ್ರೈವರುಗಳು ಮೂಲ ತಂತ್ರಾಂಶದೊಳಗೇ ಎಲ್ಲರೂ ಓದಬಹುದಾದಂತೆ ಇರುತ್ತವೆ. ತಿರುಳನ್ನು ಬದಲಿಸಿದವರು ಅವನ್ನೂ ಸರಿಹೊಂದಿಸುವುದು ವಾಡಿಕೆ. ಆದ್ದರಿಂದ ತಯಾರಕರು ಕೈಬಿಟ್ಟ ಭಾಗಗಳೂ ಅಲ್ಲಿ ಬದುಕಿರುತ್ತವೆ.

ಆದರೆ ಈ ಔದಾರ್ಯಕ್ಕೂ ಮಿತಿಯಿದೆ. ಲಿನಕ್ಸ್ ಜನಿಸಿದುದೇ ಇಂಟೆಲ್ 386 ಪ್ರೊಸೆಸರಿನ ಮೇಲೆ. ಅದರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. ಅದಕ್ಕಾಗಿ ಉಳಿಸಿಕೊಂಡಿದ್ದ ವಿಶೇಷ ಏರ್ಪಾಡುಗಳು ಹೊಸ ಕೆಲಸಕ್ಕೆ ಹೊರೆಯಾಗಿದ್ದವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗಳಿಗೆ ಸ್ಥಾಪನಾ ವ್ಯವಸ್ಥೆಯಿಲ್ಲ. ಪರೀಕ್ಷಿಸಿ ನೋಡುವವರೂ ದುರಸ್ತಿ ಮಾಡುವವರೂ ಇರುವಷ್ಟು ಕಾಲ ಮಾತ್ರ ಹಳೆಯ ಯಂತ್ರಕ್ಕೆ ಆಯುಷ್ಯ.

ಇದು ಆರೋಗ್ಯದ ಪ್ರಶ್ನೆಯೂ ಹೌದು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಒಂದಂಶ ದೆಹಲಿಯ ಸೀಲಂಪುರದಂತಹ ಬಡಾವಣೆಗಳಲ್ಲಿ ಬರಿಗೈಗಳಿಂದ ಒಡೆಯಲ್ಪಡುತ್ತದೆ. ಹಳೆಯ ಬೆಸುಗೆಯ ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು.

ಆದುದರಿಂದ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕೆಲವು ಕ್ರಮಗಳು ಉಚಿತ. ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಯಂತ್ರವು 64 ಬಿಟ್ ಆಗಿದೆಯೇ ಎಂದು ನೋಡಬೇಕು. ಲುಬುಂಟುವಿನಂತಹ ಹಗುರ ವ್ಯವಸ್ಥೆಯನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ, ಮುದ್ರಕ, ವೈಫೈ, ಕನ್ನಡ ಅಕ್ಷರ ಸರಿಯಾಗಿವೆಯೇ ಎಂದು ಪರೀಕ್ಷಿಸಬೇಕು. ತೃಪ್ತಿಯಾದ ನಂತರವೇ ಸ್ಥಾಪಿಸುವುದು ಲೇಸು. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ವೇಗವು ಗಮನಾರ್ಹವಾಗಿ ಹೆಚ್ಚುತ್ತದೆ. ಭದ್ರತಾ ಪರಿಷ್ಕರಣೆ ನಿಂತುಹೋದ ವ್ಯವಸ್ಥೆಯಲ್ಲಿ ಮಾತ್ರ ಬ್ಯಾಂಕಿನ ವ್ಯವಹಾರ ಸರ್ವಥಾ ಸಲ್ಲದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಇರುವ ಹಾಸಿಗೆಯನ್ನು ಹೊಲಿದು ಬಳಸುವುದೂ ಅದೇ ವಿವೇಕದ ಇನ್ನೊಂದು ಮುಖ.