ಬಿಲ್ಲು ತಡವಾದಾಗ ಮನೆಮಂದಿಗೆ ಏನು ಹೇಳಬೇಕು?



ಕಬ್ಬಿನ ಬಿಲ್ಲು ತಡವಾಯಿತೆಂದರೆ ಗಟ ಆಫೀಸಿಗೆ ಬರುವವರೆಲ್ಲರೂ ಕೇಳುವುದು ಒಂದೇ ಮಾತು: "ಸಾಹೇಬರ, ರೊಕ್ಕ ಯಾವಾಗ?" ಕೇಳುವುದು ನ್ಯಾಯವೇ. ಆದರೆ ಅದರ ಹಿಂದೆ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಇರುತ್ತದೆ. ಮನೆಗೆ ಹೋಗಿ ಹೆಂಡತಿಗೆ, ಮಗನಿಗೆ, ವರ್ಷದ ಆಳಿಗೆ ಏನು ಹೇಳಲಿ? ಈ ಲೇಖನ ಆ ಎರಡನೆಯ ಪ್ರಶ್ನೆಗಾಗಿ.

ಮನೆಯವರಿಗೆ ಹೇಳಬೇಕಾದರೆ ಹಣ ಎಲ್ಲಿ ನಿಲ್ಲುತ್ತದೆಂಬುದು ಮೊದಲು ನಿಮಗೆ ತಿಳಿದಿರಬೇಕು. 2025-26ರ ಹಂಗಾಮಿಗೆ ಕೇಂದ್ರ ಸರಕಾರವು ಶೇಕಡಾ 10.25 ಸಕ್ಕರೆ ಉತಾರಕ್ಕೆ ಟನ್ನಿಗೆ 3,550 ರೂಪಾಯಿ ಎಫ್.ಆರ್.ಪಿ. ನಿಗದಿ ಮಾಡಿತು. ಆ ಉತಾರದಲ್ಲಿ ಒಂದು ಟನ್ ಕಬ್ಬಿಗೆ ನೂರಾ ಎರಡೂವರೆ ಕಿಲೋ ಸಕ್ಕರೆ ಬರುತ್ತದೆ. 2019ರ ಫೆಬ್ರುವರಿಯಲ್ಲಿ ಸರಕಾರ ಗೊತ್ತುಪಡಿಸಿದ ಕನಿಷ್ಠ ಮಾರಾಟ ದರ ಕಿಲೋಗೆ 31 ರೂಪಾಯಿ. ಆ ದರ ಹಿಡಿದರೆ ಸಕ್ಕರೆಯ ಬೆಲೆ 3,177 ರೂಪಾಯಿ 50 ಪೈಸೆ. ಕಬ್ಬಿನ ದರಕ್ಕೇ 372 ರೂಪಾಯಿ 50 ಪೈಸೆ ಕಡಿಮೆ ಬಿತ್ತು. ಕಾರಖಾನೆ ನಡೆಸುವ ಖರ್ಚು ಬೇರೆ. ಪೇಟೆ ದರ ಮೇಲಿದ್ದರೆ, ಕಾಕಂಬಿಯ ಉತ್ಪನ್ನಗಳಿಗೆ ಬೆಲೆ ಬಂದರೆ ಈ ಕೊರತೆ ತುಂಬೀತು. ಅದಲ್ಲದೆ ಸಕ್ಕರೆ ತಯಾರಾಗುವುದು ಕೆಲವೇ ತಿಂಗಳಲ್ಲಿ; ಮಾರಾಟ ಮಾತ್ರ ತಿಂಗಳ ಕೋಟಾದಂತೆ ವರ್ಷವಿಡೀ. ಅಲ್ಲಿಯವರೆಗೆ ಗೋದಾಮಿನ ಸಕ್ಕರೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ತೆಗೆದು ಬಿಲ್ಲು ಕೊಡಬೇಕಾಗುತ್ತದೆ. ಬ್ಯಾಂಕು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಸಕ್ಕರೆಯ ದರ ಇಳಿದಂತೆ ಸಾಲದ ಮಿತಿಯೂ ಇಳಿಯುತ್ತದೆ. ಬಿಲ್ಲು ನಿಲ್ಲುವ ಜಾಗ ಬಹುತೇಕ ಇದೇ.

ಇದು ಕಾರಣವೇ ಹೊರತು ಕಾನೂನಿನ ಮಾಫಿಯಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಲಿಖಿತ ಕರಾರು ಇಲ್ಲದಿದ್ದರೆ, ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಸಲ್ಲಬೇಕು. ಮೀರಿದರೆ ತಡವಾದಷ್ಟು ದಿನಕ್ಕೆ ವಾರ್ಷಿಕ ಶೇಕಡಾ 15ರ ಬಡ್ಡಿ ಸಲ್ಲಬೇಕು. ಕಾರಖಾನೆಯ ಪಗಾರ ಉಣ್ಣುವವನು ಇದನ್ನು ಬರೆಯುವುದು ಕೆಲವರಿಗೆ ಸರಿ ಕಾಣಲಿಕ್ಕಿಲ್ಲ. ಆದರೆ ನಾವು ನಿಮಗೆ ಅರ್ಧ ಲೆಕ್ಕ ಹೇಳಿ, ನೀವು ನಿಮ್ಮ ಮನೆಯಲ್ಲಿ ಪೂರ್ತಿ ಲೆಕ್ಕ ಹೇಳಿರಿ ಎಂದು ಉಪದೇಶಿಸುವುದು ನನ್ನಿಂದಾಗದು.

ಈಗ ಮನೆಯ ಮಾತು. ಅಕ್ಕಲಕೋಟ ಕಡೆಯ ಒಬ್ಬ ಸಭಾಸದರು ಒಂದು ಹಂಗಾಮಿನಲ್ಲಿ ಎರಡು ತಿಂಗಳು "ಎಂಟು ದಿನದಾಗ ಬರ್ತದ" ಎನ್ನುತ್ತಲೇ ಕಳೆದರು. ಮನೆಯವರು ಹೆದರಬಾರದೆಂಬುದು ಅವರ ಇಚ್ಛೆ. ಆದದ್ದು ಬೇರೆ. ಚಹದಂಗಡಿಯಲ್ಲಿ ಏನೇನೋ ಕೇಳಿದ ವರ್ಷದ ಆಳು ಮುಕಾದಮನೊಬ್ಬನಿಂದ ಉಚಲ್ ತೆಗೆದುಕೊಂಡು ಹೊರಟೇಹೋದ. ಮಗ ತಂದೆಗೆ ತಿಳಿಸದೆ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ಮಾಡಿದ. ವರ್ಷಕ್ಕೆ ಅದು ಶೇಕಡಾ 36 ಆಯಿತು. ಬಿಲ್ಲು ಬಂದ ದಿನ ಕುಳೆ ಕಬ್ಬಿನಲ್ಲಿ ಕಸ ಮೊಳಕಾಲಿನವರೆಗೆ ಬಂದಿತ್ತು, ತೆಗೆಯಲು ಆಳಿರಲಿಲ್ಲ.

ಮುಂದೆ ಇನ್ನೊಂದು ಸಲ ಹಾಗೇ ತಡವಾದಾಗ ಅವರು ಅಮವಾಸ್ಯೆಯ ಸಂಜೆ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡರು. ಹೊಸ ಆಳನ್ನೂ ಕರೆದರು. ನೋಟಬುಕ್ಕಿನಲ್ಲಿ ಮಗನಿಂದಲೇ ಬರೆಸಿದರು: ಹೋದ ಕಬ್ಬು ಇಷ್ಟು ಟನ್, ಕಡಿಯುವ ಮತ್ತು ಸಾಗಿಸುವ ಖರ್ಚು ಇಷ್ಟು, ಸೊಸಾಯಟಿಗೆ ಕಡಿತ ಇಷ್ಟು, ಕೈಗೆ ಬರುವುದು ಇಷ್ಟು. ಅಂಕಿ ನೋಡಿ ಯಾರೂ ಎದೆ ಒಡೆದುಕೊಳ್ಳಲಿಲ್ಲ. ಹಾಲಿನ ಡೇರಿಯ ಹಣದಲ್ಲಿ ಕಿರಾಣಿ ಸಾಗುತ್ತದೆ ಎಂದು ಹೆಂಡತಿ ಹೇಳಿದರು. ಅಷ್ಟು ವರ್ಷ ಮನೆ ನಡೆಸಿದ ಯಜಮಾನರಿಗೆ ಈ ಲೆಕ್ಕ ಗೊತ್ತಿರಲಿಲ್ಲ! ಆಳಿಗೆ, "ತಮ್ಮಾ, ಅರ್ಧ ಪಗಾರ ಈಗ, ಅರ್ಧ ಬಿಲ್ಲಿನ ದಿನ; ಜೋಳ ನಮ್ಮ ಮನಿಂದನ ಒಯ್ಯಿ" ಎಂದರು. ಅವನು ನಿಂತ.

ಅವರು ಬಿಲ್ಲಿನ ತಾರೀಖು ಹೇಳಲಿಲ್ಲ ಎಂಬುದನ್ನು ಗಮನಿಸಿರಿ. ಗೊತ್ತಿಲ್ಲದ ತಾರೀಖು ಹೇಳಿದರೆ ಎರಡನೆಯ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಅದರ ಬದಲು ಮತ್ತೆ ಕೂಡಿ ಲೆಕ್ಕ ನೋಡುವ ದಿನ ಹೇಳಬಹುದು. ಅದು ನಿಮ್ಮ ಕೈಯಲ್ಲೇ ಇದೆ. ಖರ್ಚು ಕಡಿಯುವುದು ಯಜಮಾನರ ಖರ್ಚಿನಿಂದಲೇ ಶುರುವಾಗಬೇಕು. ಆಳಿನ ಪಗಾರ ಅರ್ಧ ಮಾಡಿ ತಾವು ಹೊಸ ಮೋಟಾರಸೈಕಲ್ ಮೇಲೆ ತಿರುಗಿದರೆ ನೋಟಬುಕ್ಕಿನ ಲೆಕ್ಕ ಯಾರ ತಲೆಗೂ ಇಳಿಯುವುದಿಲ್ಲ.

ಕಡಿಯಬಾರದ ಖರ್ಚು ಎರಡಿವೆ. ಒಂದು ಸೊಸಾಯಟಿಯ ಬೆಳೆಸಾಲದ ಕಂತು. ಮೂರು ಲಕ್ಷದವರೆಗಿನ ಶೇಕಡಾ 7ರ ಬೆಳೆಸಾಲಕ್ಕೆ, ಅವಧಿಯೊಳಗೆ ತೀರಿಸಿದವರಿಗೆ ಸಿಗುವ ಶೇಕಡಾ 3ರ ಬಡ್ಡಿ ರಿಯಾಯಿತಿ ಗಡುವು ಮೀರಿದರೆ ಹೋಯಿತು. ಎರಡನೆಯದು ಕುಳೆಯ ಆರೈಕೆ. ಕೈ ಬಿಗಿಯಾದ ವರ್ಷ ರವದಿಗೆ ಬೆಂಕಿ ಇಡಬೇಡಿರಿ. ಹೆಕ್ಟೇರಿಗೆ 8-10 ಟನ್ ರವದಿ ಸಿಗುತ್ತದೆ. ಬೋದಿನ ನಡುವೆ ಹರಡಿ, ಪ್ರತಿ ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸುಪರ್ ಫಾಸ್ಫೇಟ್, 1 ಕಿಲೋ ರವದಿ ಕೊಳೆಸುವ ಜೀವಾಣು ಹಾಕಿರಿ. ಬುಡಗಳನ್ನು ನೆಲಮಟ್ಟಕ್ಕೆ ಸವರಿರಿ. ಕಸ ಕಡಿಮೆಯಾಗುತ್ತದೆ, ನೀರು ಉಳಿಯುತ್ತದೆ. ಮನೆಮಂದಿ ಮತ್ತು ಆಳು ಸೇರಿ ಮಾಡಬಹುದಾದ ಕೆಲಸವಿದು, ಹೊರಗಿನ ಕೂಲಿ ಬಹಳ ಬೇಡ. ಕೆಲಸದಲ್ಲಿರುವ ಮಂದಿಗೆ ಚಹದಂಗಡಿಯ ಸುದ್ದಿಯೂ ಅಷ್ಟು ಮುಟ್ಟುವುದಿಲ್ಲ.

ನಿಮ್ಮ ತೂಕದ ಪಾವತಿಗಳನ್ನೂ ಸೊಸಾಯಟಿಯ ಪಾಸಬುಕ್ಕನ್ನೂ ತೆಗೆದುಕೊಂಡು ಗಟ ಆಫೀಸಿಗೆ ಬಂದರೆ ಕಡಿತಗಳನ್ನು ಒಂದೊಂದಾಗಿ ಬರೆದು ಕೊಡುತ್ತೇವೆ. ಬರುವಾಗ ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆತನ್ನಿರಿ.